ಯಾವ ಸಿಲಿಂಡರ್ ಎಂದು ಮೊದಲು ಕೇಳಿ

ಆನಗೋಡು ಹೋಬಳಿಯ ಊರುಗಳಲ್ಲಿ, ದಾವಣಗೆರೆಯಲ್ಲಿ, ಹರಿಹರದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿರುವ, ಕೊಳ್ಳಲು ಹೊರಟಿರುವ ಎಲ್ಲರಿಗೂ,



ಮೆಕ್ಕೆಜೋಳ ಮಾರಿದ ದುಡ್ಡು, ಅಡಿಕೆಯ ಮುಂಗಡ, ಮಗಳ ಮೊದಲ ವರ್ಷದ ಸಂಬಳದ ಉಳಿತಾಯ, ಇವೆಲ್ಲ ಸೇರಿ ಒಂದು ಹಳೇ ಆಲ್ಟೊ ಅಥವಾ ಸ್ಯಾಂಟ್ರೊ ಆಗಿ ಮನೆ ಮುಂದೆ ಬಂದು ನಿಲ್ಲುವುದು ಈ ಭಾಗದಲ್ಲಿ ಹೊಸ ಸಂಗತಿಯೇನಲ್ಲ. ಕೊಳ್ಳುವ ದಿನ ಬಹುತೇಕರು ಮಾಡುವ ಪರೀಕ್ಷೆಯೂ ಒಂದೇ. ಆನಗೋಡಿನ ಬಳಿ ರಾಷ್ಟ್ರೀಯ ಹೆದ್ದಾರಿ 48 ಹತ್ತಿಸಿ, ದಾವಣಗೆರೆ ಕಡೆಗೆ ಒಂದು ಸುತ್ತು ಹೋಗಿಬರುವುದು. ‘ನೂರರಾಗೆ ಹೋದ್ರೂ ಅಲುಗಾಡಲ್ಲ ನೋಡ್ರಿ’ ಎನ್ನುತ್ತಾನೆ ಮಾರುವವ. ಅವನ ಮಾತು ನಿಜವೇ ಇರಬಹುದು. ತೊಂದರೆ ಇರುವುದು ಪರೀಕ್ಷೆಯಲ್ಲಿ. ಹೆದ್ದಾರಿಯಲ್ಲಿ ಹಾಯಾಗಿ ಓಡುವ ಗಾಡಿಯೇ ಮರುದಿನ ದಾವಣಗೆರೆಯ ಗಾಂಧಿ ವೃತ್ತದ ಸಿಗ್ನಲ್‌ನಲ್ಲೋ ಹೆಬ್ಬಾಳು ಟೋಲ್ ಸಾಲಿನಲ್ಲೋ ನಿಂತಾಗ ಸ್ಟಿಯರಿಂಗ್ ನಡುಗಿಸುತ್ತದೆ, ಡ್ಯಾಶ್‌ಬೋರ್ಡ್ ಗಡಗಡ ಎನ್ನುತ್ತದೆ, ಎಸಿ ಹಾಕಿದರೆ ಆಫ್ ಆಗಿಬಿಡುತ್ತದೆ.

ಆಮೇಲೆ ಶುರುವಾಗುವುದು ಬಿಡಿಭಾಗಗಳ ಮೆರವಣಿಗೆ. ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲು, ಇನ್ನೊಂದರಲ್ಲಿ ಕಾಯಿಲ್, ಮತ್ತೊಂದರಲ್ಲಿ ಇಂಜೆಕ್ಟರ್ ಕ್ಲೀನಿಂಗ್, ಕೊನೆಗೆ ‘ಸೆನ್ಸಾರ್ ಹೋಗೈತಿ’. ಸಾವಿರಗಳು ಕರಗುತ್ತವೆ, ನಡುಕ ಮಾತ್ರ ಇದ್ದಲ್ಲೇ ಇರುತ್ತದೆ. ಈ ಪತ್ರ ಬರೆಯುತ್ತಿರುವುದು ಆ ಸಾವಿರಗಳ ಮೇಲಿನ ಕಾಳಜಿಯಿಂದ. ಯಾವುದೇ ಭಾಗ ಬದಲಿಸುವ ಮೊದಲು ‘ಯಾವ ಸಿಲಿಂಡರ್? ಅಳತೆ ಎಷ್ಟು ಬಂತು?’ ಎಂದು ಕೇಳುವ ಅಭ್ಯಾಸ ನಿಮ್ಮದಾಗಬೇಕು.

ಹೆದ್ದಾರಿಯಲ್ಲಿ ಕಾಣದ್ದು ನಿಂತಾಗ ಏಕೆ ಕಾಣುತ್ತದೆ? ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತದೆ. 800 ಎಂದು ಹಿಡಿದರೆ, ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ನಿಮಿಷಕ್ಕೆ 1,600 ಸಲ ಪೆಟ್ರೋಲ್ ಉರಿಯಬೇಕು, ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 27 ಸಲ. ಮೂರು ಸಿಲಿಂಡರಿನದಾದರೆ 1,200, ಸೆಕೆಂಡಿಗೆ 20. ಒಂದು ಸಿಲಿಂಡರ್ ಕೆಲಸ ನಿಲ್ಲಿಸಿದರೆ ಸೆಕೆಂಡಿಗೆ ಆರೇಳು ಸಲ ತಳ್ಳು ತಪ್ಪುತ್ತದೆ. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಹೆಗಲು ಕೊಡದಿದ್ದರೆ ಆಗುವ ಓಲಾಟವೇ ಇದು. ವೇಗ ಹೆಚ್ಚಿದಾಗ ಫ್ಲೈವೀಲಿನ ಓಟ ಆ ಓಲಾಟವನ್ನು ನುಂಗಿಬಿಡುತ್ತದೆ. ಗಾಳಿ ಸೋರಿಕೆಯ ಲೆಕ್ಕವೂ ಹೀಗೇ. ನಿಂತಾಗ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಎಂಜಿನ್ ಎಳೆದುಕೊಳ್ಳುವ ಗಾಳಿ ತೀರಾ ಕಡಿಮೆ. ಆಗ ಬಿರುಕುಬಿಟ್ಟ ಒಂದು ರಬ್ಬರ್ ಪೈಪಿನಿಂದ ನುಗ್ಗುವ ಕಳ್ಳಗಾಳಿ ಮಿಶ್ರಣವನ್ನೇ ಕೆಡಿಸಬಲ್ಲದು. ಥ್ರಾಟಲ್ ತೆರೆದು ಓಡುವಾಗ ಅಷ್ಟೇ ಗಾಳಿ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲೊಂದು ಎಚ್ಚರ ಬೇಕು. ಎಲ್ಲ ನಡುಕವೂ ರೋಗವಲ್ಲ. 796 ಸಿಸಿಯ ಆಲ್ಟೊ, ಒಂದು ಲೀಟರಿನ ಕೆ10, ಇಯಾನ್, ಕ್ವಿಡ್, ಟಿಯಾಗೊ, ಇವೆಲ್ಲ ಮೂರು ಸಿಲಿಂಡರಿನ ಗಾಡಿಗಳು. ಹಳೇ ಸ್ಯಾಂಟ್ರೊ, 2024ಕ್ಕಿಂತ ಹಿಂದಿನ 1.2 ಲೀಟರಿನ ಪೆಟ್ರೋಲ್ ಸ್ವಿಫ್ಟ್ ನಾಲ್ಕು ಸಿಲಿಂಡರಿನವು. ನಾಲ್ಕರ ಎಂಜಿನ್ ಅರ್ಧ ಸುತ್ತಿಗೊಮ್ಮೆ ಉರಿದರೆ, ಮೂರರದ್ದು 240 ಡಿಗ್ರಿಗೊಮ್ಮೆ. ಹಾಗಾಗಿ ಮೂರರ ಎಂಜಿನ್‌ಗೆ ನಿಂತಾಗ ಸ್ವಲ್ಪ ಅದುರು ಹುಟ್ಟುಗುಣ. ಸ್ಯಾಂಟ್ರೊ ಬಿಟ್ಟು ಆಲ್ಟೊ ಕೊಂಡವರು ಮೊದಲ ವಾರವೇ ಗ್ಯಾರೇಜಿಗೆ ಓಡುವುದು ಬೇಡ. ಅದೇ ಮಾದರಿಯ ಇನ್ನೊಂದು ಗಾಡಿಯನ್ನು ಪಕ್ಕದಲ್ಲಿ ನಿಲ್ಲಿಸಿ, ಎರಡರ ಸ್ಟಿಯರಿಂಗ್ ಮೇಲೂ ಕೈಯಿಟ್ಟು ನೋಡಿ. ಒಂದೇ ಲಯದ ಸಣ್ಣ ಅದುರಾದರೆ ಅದು ಗಾಡಿಯ ಸ್ವಭಾವ. ನಡುನಡುವೆ ತಾಳ ತಪ್ಪಿದಂತೆ ‘ದಡ್’ ಎಂದು ಬಡಿದರೆ, ಮೆಕ್ಯಾನಿಕ್‌ಗಳು ಹೇಳುವ ಮಿಸ್ಸಿಂಗ್ ಅದೇ. ಲಯ ಸರಿಯಿದ್ದು ಮೈಯೆಲ್ಲ ಅದುರಿದರೆ, ಗೇರ್ ಹಾಕಿ ಕ್ಲಚ್ ಬಿಡುವಾಗ ಎಂಜಿನ್ ಒಂದು ಕಡೆಗೆ ವಾಲಿದರೆ, ಎಂಜಿನ್ ಮೌಂಟಿಂಗ್‌ನ ರಬ್ಬರ್ ಹರಿದಿರುವ ಸಾಧ್ಯತೆ ಹೆಚ್ಚು. ಅದು ಎಂಜಿನ್ ಬಿಚ್ಚುವ ಕೆಲಸವಲ್ಲ.

ಕೊಳ್ಳುವ ಮೊದಲು ನೋಡುವುದಾದರೆ ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ. ಬಾನೆಟ್ ಮೇಲೆ ಕೈಯಿಟ್ಟಾಗ ಬೆಚ್ಚಗಿದ್ದರೆ ಯಾರೋ ಆಗಲೇ ಓಡಿಸಿ ನಿಲ್ಲಿಸಿದ್ದಾರೆ. ನಾಳೆ ಬರುತ್ತೇನೆಂದು ಹೇಳಿ ಹೊರಡುವುದರಲ್ಲಿ ನಷ್ಟವಿಲ್ಲ. ಸೆಲ್ಫ್ ಹೊಡೆದ ಮೊದಲ ಎರಡು ಮೂರು ನಿಮಿಷದಲ್ಲಿ ಗಾಡಿ ತನ್ನ ಸ್ಥಿತಿಯನ್ನು ಬಿಚ್ಚಿಡುತ್ತದೆ. ತಣ್ಣಗಿನ ಎಂಜಿನ್ ಆರಂಭದಲ್ಲಿ ಜೋರಾಗಿ ತಿರುಗಿ, ಕಾದಂತೆ ತಾನಾಗಿ ಇಳಿಯಬೇಕು. ಇಳಿಯದೆ ಏರುತ್ತ ಇಳಿಯುತ್ತ ಉಸಿರಾಡಿದರೆ ಗಾಳಿಯ ಲೆಕ್ಕ ತಪ್ಪಿದೆ. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ, ಕಪ್ಪಾಗಿದ್ದರೆ ಪೆಟ್ರೋಲ್ ಅತಿಯಾಗಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಿ. ಸೈಲೆನ್ಸರ್ ಬಾಯಿಗೆ ತುಸು ದೂರದಲ್ಲಿ ಒಂದು ಕಾಗದದ ಚೂರು ಹಿಡಿಯಿರಿ. ಒಂದೇ ಸಮನೆ ಹೊರಕ್ಕೆ ಪಟಪಟಿಸಿದರೆ ಒಳ್ಳೆಯದು. ಆಗಾಗ ಒಳಕ್ಕೆ ಎಳೆದಂತಾದರೆ ಎಗ್ಸಾಸ್ಟ್ ವಾಲ್ವ್ ಸುಟ್ಟಿರಬಹುದು.

ಮಾರುವವರ ಬಳಿ ನಡುಕ ಮುಚ್ಚಿಡುವ ಉಪಾಯವೂ ಇದೆ. ಕೇಬಲ್ ಥ್ರಾಟಲ್ ಇರುವ ಹಳೇ ಗಾಡಿಗಳಲ್ಲಿ ಸ್ಕ್ರೂ ತಿರುಗಿಸಿ ಐಡ್ಲಿಂಗನ್ನೇ 1,100–1,200ಕ್ಕೆ ಏರಿಸಿಬಿಟ್ಟರೆ ಅದುರು ಅರ್ಧ ಮಾಯವಾಗುತ್ತದೆ. ಆರ್‌ಪಿಎಂ ಮೀಟರ್ ಇಲ್ಲದ ಮಾದರಿಗಳಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಬಯಲಿಗೆಳೆಯಲು ಎಸಿ ಹಾಕಿ, ಹೆಡ್‌ಲೈಟ್ ಹಚ್ಚಿ, ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಎಂಜಿನ್ ಮೇಲೆ ಭಾರ ಹೇರಿ ನೋಡಿ. ಎಲೆಕ್ಟ್ರಾನಿಕ್ ಕಣ್ಣು ಬೇಕೆಂದರೆ ಸ್ಕ್ಯಾನರ್ ಇದೆ. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 (ಹೊಗೆಯ ಮಿತಿಯ ನಾಲ್ಕನೇ ಹಂತ) ಕಾರುಗಳಿಗೆ ದೋಷವನ್ನು ಕೋಡ್ ಆಗಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಡ್ರೈವರ್ ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ. ಪಿ0301 ಎಂದು ಬಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0302 ಎಂದರೆ ಎರಡನೆಯದು. ಪಿ0300 ಎಂದರೆ ಯಾವುದೋ ಒಂದಕ್ಕೆ ಕಟ್ಟುಬೀಳದ ಮಿಸ್ಸಿಂಗ್. ಯಾವ ಕೋಡೂ ಇಲ್ಲವೆಂದು ಹಿಗ್ಗಬೇಡಿ. ಮಾರುವ ಮುನ್ನ ಕೋಡ್ ಅಳಿಸಿದ್ದರೆ, ಸ್ಕ್ಯಾನರ್‌ನ ‘ರೆಡಿನೆಸ್’ ಪುಟದಲ್ಲಿ ಸ್ವಯಂಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂದು ತೋರಿಸುತ್ತದೆ. ನಿನ್ನೆಯವರೆಗೂ ದಿನಾ ಓಡುತ್ತಿದ್ದ ಗಾಡಿಯಲ್ಲಿ ಹಾಗೆ ಕಂಡರೆ ಕಾರಣ ಕೇಳುವ ಹಕ್ಕು ನಿಮ್ಮದು.

ಈಗ ಗಾಡಿ ಕೊಂಡಾಗಿದೆ, ಮಿಸ್ಸಿಂಗ್ ಇದೆ ಎಂದಿಟ್ಟುಕೊಳ್ಳಿ. ಹುಡುಕಾಟಕ್ಕೊಂದು ಕ್ರಮವಿದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ಹಾಕುತ್ತ ಹೋಗುವುದು. ಸರಿಯಿರುವ ಸಿಲಿಂಡರಿನದು ತೆಗೆದಾಗ ನಡುಕ ಇನ್ನೂ ಜೋರಾಗುತ್ತದೆ. ಯಾವುದನ್ನು ತೆಗೆದರೂ ಏನೂ ಬದಲಾಗದೋ ಅದೇ ಸತ್ತ ಸಿಲಿಂಡರ್. ಹಿಂದೆ ಪ್ಲಗ್ ವೈರ್ ಎಳೆದು ಇದನ್ನೇ ನೋಡುತ್ತಿದ್ದರು. ಇಂದಿನ ಗಾಡಿಗಳಲ್ಲಿ ಅದು ಬೇಡ. ಕೈಗೆ ಹೊಡೆಯುವ ಶಾಕ್ ಒಂದು ಕಡೆ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುವುದು ಇನ್ನೊಂದು ಕಡೆ.

ಸತ್ತದ್ದು ಎರಡನೆಯದು ಎಂದು ಗೊತ್ತಾಯಿತು. ಆಗಲೂ ಹೊಸ ಕಾಯಿಲ್ ತರಲು ಓಡಬೇಕಿಲ್ಲ. ಪ್ಲಗ್ಗಿಗೊಂದು ಕಾಯಿಲ್ ಇರುವ ಗಾಡಿಯಾದರೆ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದರದ್ದನ್ನು ಎರಡನೆಯದಕ್ಕೆ ಹಾಕಿ. ಮಿಸ್ಸಿಂಗ್ ಮೂರಕ್ಕೆ ಹೋಯಿತೇ? ಕಾಯಿಲ್ ತಪ್ಪಿತಸ್ಥ. ಹೋಗಲಿಲ್ಲವೇ? ಪ್ಲಗ್ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್. ಪೈಸೆ ಖರ್ಚಿಲ್ಲದೆ ಮೂರು ಅನುಮಾನ ಬಗೆಹರಿಯುತ್ತವೆ. ಬಿಚ್ಚಿದ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಟ್ಟು ನೋಡಿ. ತುದಿ ತಿಳಿಕಂದು ಬಣ್ಣಕ್ಕಿದ್ದರೆ ದಹನ ಸರಿಯಿದೆ. ಒಣ ಮಸಿ ಎಂದರೆ ಪೆಟ್ರೋಲ್ ಹೆಚ್ಚು, ಜಿಡ್ಡು ಎಂದರೆ ಆಯಿಲ್, ಪೆಟ್ರೋಲಿನಿಂದ ತೊಯ್ದಿದ್ದರೆ ಅಲ್ಲಿ ಕಿಡಿಯೇ ಬೀಳುತ್ತಿಲ್ಲ.

ಮೂರನ್ನೂ ಅದಲುಬದಲು ಮಾಡಿದರೂ ಮಿಸ್ಸಿಂಗ್ ಅದೇ ಸಿಲಿಂಡರಿನಲ್ಲಿ ನಿಂತರೆ ಕಂಪ್ರೆಷನ್ ಗೇಜ್ ಹೊರಬರಬೇಕು. ಈ ಪತ್ರದ ಜೀವ ಇರುವುದೇ ಇಲ್ಲಿ, ಏಕೆಂದರೆ ಪ್ಲಗ್ಗಿನ ತೂತಿಗೆ ತಿರುಗಿಸಿ ಹಾಕುವ ಈ ಸಣ್ಣ ಉಪಕರಣವನ್ನು ಬಳಸದೆ ‘ಎಂಜಿನ್ ಇಳಿಸ್ಬೇಕು’ ಎಂಬ ತೀರ್ಪು ಎಷ್ಟೋ ಗಾಡಿಗಳಿಗೆ ಬೀಳುತ್ತದೆ. ಎಲ್ಲ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸೆಲ್ಫ್ ಹೊಡೆದಾಗ ಪ್ರತಿ ಸಿಲಿಂಡರಿನ ಒತ್ತಡ ಎಷ್ಟೆಂದು ಬರೆದುಕೊಳ್ಳುವುದು. ಒಂದೊಂದು ಅಂಕಿಗಿಂತ ಅವುಗಳ ನಡುವಿನ ಅಂತರ ಮುಖ್ಯ. ಉಳಿದವು 12 ಬಾರ್ ಆಸುಪಾಸು ಇದ್ದು ಒಂದು ಮಾತ್ರ 8ಕ್ಕೆ ನಿಂತರೆ ರೋಗ ಅಲ್ಲೇ ಇದೆ. ಆಗ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿವೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಒಟ್ಟಿಗೆ ಇಳಿದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಒಡೆದಿರಬಹುದು. ವಾಲ್ವ್ ಕ್ಲಿಯರೆನ್ಸ್ ಸರಿಪಡಿಸಿದರೆ ಮುಗಿಯುವ ಕೆಲಸಕ್ಕೂ ಪೂರ್ತಿ ಎಂಜಿನ್ ಕೆಲಸಕ್ಕೂ ಇರುವ ಖರ್ಚಿನ ಅಂತರ ನಿಮಗೆ ಹೇಳಬೇಕಾಗಿಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಶೇ 7ರಷ್ಟು ಕಡಿಮೆ. ಕಂಪನಿಯ ಸರ್ವೀಸ್ ಪುಸ್ತಕದಲ್ಲಿರುವ ಅಂಕಿಗಿಂತ ಎಲ್ಲ ಸಿಲಿಂಡರುಗಳೂ ಸಮನಾಗಿ ಅಷ್ಟು ಕೆಳಗೆ ತೋರಿಸಿದರೆ ಗಾಬರಿ ಬೇಡ.

ಎಲ್ಲ ಸಿಲಿಂಡರುಗಳೂ ಒಟ್ಟಿಗೆ ಒದ್ದಾಡುತ್ತಿದ್ದರೆ ದಾರಿ ಬೇರೆ. ಅಲ್ಲಿ ನೋಡಬೇಕಾದದ್ದು ಗಾಳಿ. ಥ್ರಾಟಲ್ ಬಾಡಿಯಲ್ಲಿ ಕಟ್ಟಿಕೊಂಡ ಕಾರ್ಬನ್, ಐಡ್ಲಿಂಗ್ ಗಾಳಿ ನಿಯಂತ್ರಿಸುವ ವಾಲ್ವ್, ಬಿಸಿಗೆ ಸೀಳಿದ ಪಿಸಿವಿ ಪೈಪ್, ಗಟ್ಟಿಯಾದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಬ್ರೇಕ್ ಒತ್ತಿ ಹಿಡಿದಾಗ ಐಡ್ಲಿಂಗ್ ಬದಲಾದರೆ ಬ್ರೇಕ್ ಬೂಸ್ಟರಿನಲ್ಲೇ ಸೋರಿಕೆ ಇರಬಹುದು. ಅದನ್ನು ಮುಂದೂಡಬೇಡಿ, ಬ್ರೇಕಿನ ವಿಷಯ. ಸೋರಿಕೆ ಹುಡುಕಲು ಕಾದ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಲು ಬಿಡಬೇಡಿ, ಬೆಂಕಿ ಹತ್ತಲು ಒಂದು ಕಿಡಿ ಸಾಕು. ಸ್ಪ್ರೇ ಬಾಟಲಿಯ ನೀರನ್ನು ಪೈಪುಗಳ ಜೋಡಣೆಗಳ ಮೇಲೆ ಮಾತ್ರ, ಕನೆಕ್ಟರುಗಳಿಗೆ ತಾಗದಂತೆ ಸಿಂಪಡಿಸಿದರೂ ಸೋರುವಲ್ಲಿ ಎಂಜಿನ್ ಸದ್ದು ಕ್ಷಣ ಬದಲಾಗುತ್ತದೆ. ಇನ್ನೊಂದು ಸೂಕ್ಷ್ಮವನ್ನು ಅನುಭವಿ ಮೆಕ್ಯಾನಿಕ್‌ಗಳೂ ಕೆಲವೊಮ್ಮೆ ಮರೆಯುತ್ತಾರೆ. ಒಳಬರುವ ಗಾಳಿಯನ್ನೇ ಅಳೆಯುವ ಗಾಡಿಗಳಲ್ಲಿ ಸೋರಿಕೆಯಿಂದ ಮಿಶ್ರಣ ತೆಳುವಾಗಿ ಎಂಜಿನ್ ನಡುಗುತ್ತದೆ. ಮ್ಯಾನಿಫೋಲ್ಡಿನ ಒತ್ತಡ ನೋಡುವ ಮ್ಯಾಪ್ ಸೆನ್ಸಾರ್ ಇರುವ ಗಾಡಿಗಳಲ್ಲಿ ಅದೇ ಸೋರಿಕೆಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಟ್ಟು ಐಡ್ಲಿಂಗ್ ಏರಿಬಿಡುತ್ತದೆ. ಲಕ್ಷಣ ಬೇರೆ, ಕಾರಣ ಒಂದೇ.

ಪ್ರತಿಯೊಬ್ಬರ ಕೈಯಲ್ಲೂ ಇದ್ದು ಯಾರೂ ಓದದ ಒಂದು ಕಾಗದವಿದೆ: ಎಮಿಷನ್ ಟೆಸ್ಟ್ ಚೀಟಿ. ಪೆಟ್ರೋಲ್ ಗಾಡಿಗೆ ಆ ಪರೀಕ್ಷೆ ನಡೆಯುವುದೇ ಐಡ್ಲಿಂಗ್‌ನಲ್ಲಿ. ಅದರಲ್ಲಿ ಎರಡು ಅಂಕಿಗಳಿರುತ್ತವೆ: ಕಾರ್ಬನ್ ಮಾನಾಕ್ಸೈಡ್ ಶೇಕಡಾವಾರಿನಲ್ಲಿ, ಹೈಡ್ರೋಕಾರ್ಬನ್ ಪಿಪಿಎಂನಲ್ಲಿ. ಬಿಎಸ್-4 ಗಾಡಿಗೆ ಮಿತಿ 0.3 ಮತ್ತು 200. ಬಿಎಸ್-2, ಬಿಎಸ್-3ಕ್ಕೆ 0.5 ಮತ್ತು 750. (ಬಿಎಸ್-4 ಬೆಂಗಳೂರಿಗೆ 2010ರಲ್ಲೇ ಬಂತು, ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ಒಂದೇ ವರ್ಷದ ಬೆಂಗಳೂರು ನೋಂದಣಿಯ ಗಾಡಿಗೂ ದಾವಣಗೆರೆ ನೋಂದಣಿಯ ಕೆಎ-17ರ ಗಾಡಿಗೂ ಮಿತಿ ಬೇರೆಯಿರಬಹುದು, ಆರ್‌ಸಿ ನೋಡಿಕೊಳ್ಳಿ.) ಮಾನಾಕ್ಸೈಡ್ ಏರಿದ್ದರೆ ಪೆಟ್ರೋಲ್ ಅತಿಯಾಗುತ್ತಿದೆ. ಮಾನಾಕ್ಸೈಡ್ ಸರಿಯಿದ್ದು ಹೈಡ್ರೋಕಾರ್ಬನ್ ಮಾತ್ರ ಜಿಗಿದಿದ್ದರೆ ಪೆಟ್ರೋಲ್ ಉರಿಯದೆಯೇ ಹೊರಬೀಳುತ್ತಿದೆ, ಅದೇ ಮಿಸ್ಸಿಂಗ್. ಕೊಳ್ಳುವ ಗಾಡಿಯನ್ನು ಟೆಸ್ಟ್ ಕೇಂದ್ರಕ್ಕೆ ಒಯ್ದು, ನಳಿಕೆ ಸೈಲೆನ್ಸರಿಗೆ ತೂರಿದ್ದನ್ನು ಕಣ್ಣಾರೆ ನೋಡಿ, ಅಂಕಿ ಓದಿ. ಇಷ್ಟು ಕಡಿಮೆ ಖರ್ಚಿನ ತಪಾಸಣೆ ಇನ್ನೊಂದಿಲ್ಲ.

ನಮ್ಮ ಭಾಗದ ಗಾಡಿಗಳಿಗೆ ಎರಡು ವಿಶೇಷ ಶತ್ರುಗಳಿವೆ. ಮೆಕ್ಕೆಜೋಳ ತುಂಬಿದ ಶೆಡ್ಡಿನ ಪಕ್ಕ ಗಾಡಿ ನಿಲ್ಲಿಸಿದರೆ ಇಲಿ, ಹೆಗ್ಗಣ ಬಾನೆಟ್ ಒಳಗೆ ಮನೆ ಮಾಡುತ್ತವೆ. ಕಚ್ಚಿದ ಇಂಜೆಕ್ಟರ್ ವೈರ್ ಒಂದು ಎಳೆಯಲ್ಲಿ ನಿಂತಿರುತ್ತದೆ, ಅದುರಿದಾಗ ಸಂಪರ್ಕ ಹೋಗುತ್ತದೆ, ಬರುತ್ತದೆ. ಸೆನ್ಸಾರ್ ಬದಲಿಸಿದರೆ ಇದು ವಾಸಿಯಾಗುವುದಿಲ್ಲ. ಬಾನೆಟ್ ತೆಗೆದು ವೈರಿನ ಮೇಲೆ ಬೆರಳಾಡಿಸಿ, ಹಿಕ್ಕೆ ಇದೆಯೇ ನೋಡಿ. ಎರಡನೆಯದು ಸುಗ್ಗಿಯ ಧೂಳು. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದರೆ ಉತ್ತರ ಸಿಗುತ್ತದೆ.

ಪೆಟ್ರೋಲಿನ ಮಾತೂ ಬರಲೇಬೇಕು. 2022ರಲ್ಲಿ ದೇಶ ಪೆಟ್ರೋಲಿಗೆ ಶೇ 10ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿತು, 2025ರಲ್ಲಿ ಶೇ 20. ಕಬ್ಬಿನಿಂದ ಮಾತ್ರವಲ್ಲ, ಈ ಜಿಲ್ಲೆಯ ಮುಖ್ಯ ಬೆಳೆಯಾದ ಮೆಕ್ಕೆಜೋಳದಿಂದಲೂ ಎಥನಾಲ್ ತಯಾರಾಗುತ್ತದೆ. ರೈತನಿಗೆ ಅದರಿಂದ ಆಗುವ ಅನುಕೂಲ ಅಲ್ಲಗಳೆಯುವಂಥದ್ದಲ್ಲ. ಆದರೆ ಹತ್ತು ಹದಿನೈದು ವರ್ಷದ ಗಾಡಿಗೆ ಅದು ತಕ್ಕದ್ದೇ ಎಂಬ ಪ್ರಶ್ನೆ ನ್ಯಾಯವಾದದ್ದು. ನೀತಿ ಆಯೋಗದ 2021ರ ವರದಿಯೇ, ಹಳೆಯ ಇಂಧನಕ್ಕೆಂದು ರೂಪಿಸಿದ ಕಾರುಗಳ ಮೈಲೇಜ್ ಶೇ 6–7ರಷ್ಟು ಇಳಿಯಬಹುದು ಎಂದಿತ್ತು. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಆಕ್ಸಿಜನ್ ಸೆನ್ಸಾರ್ ಕಾದ ಮೇಲೆ ಕಂಪ್ಯೂಟರ್ ಇದನ್ನು ಸರಿದೂಗಿಸುತ್ತದೆ, ಕಾಯುವವರೆಗೆ ಹಳೇ ಲೆಕ್ಕದಲ್ಲೇ ಓಡಿಸುತ್ತದೆ. ಬೆಳಗಿನ ಮೊದಲ ನಿಮಿಷ ಮಾತ್ರ ತಡವರಿಸಿ ಆಮೇಲೆ ಸರಿಹೋಗುವ ಹಳೇ ಗಾಡಿಯಲ್ಲಿ ಇದೂ ಒಂದು ಕಾರಣವಿರಬಹುದು. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಮದುವೆಗೆ, ಜಾತ್ರೆಗೆ ಮಾತ್ರ ಹೊರತೆಗೆಯುವ ಗಾಡಿಯ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬೇಡಿ.

ಡೀಸೆಲ್ ಗಾಡಿಯ ಕಥೆ ಬೇರೆ. ಹಳೇ ಸ್ವಿಫ್ಟ್, ಇಂಡಿಕಾ ವಿಸ್ಟಾದಂಥ ಗಾಡಿಗಳಲ್ಲಿದ್ದ 1.3 ಲೀಟರಿನ ಕಾಮನ್ ರೈಲ್ ಎಂಜಿನ್ ಮಿಸ್ ಹೊಡೆದರೆ, ಪ್ರತಿ ಇಂಜೆಕ್ಟರಿನಿಂದ ವಾಪಸು ಬರುವ ಡೀಸೆಲನ್ನು ಪುಟ್ಟ ಬಾಟಲಿಗಳಲ್ಲಿ ಹಿಡಿದು ಹೋಲಿಸಬೇಕು. ಒಂದು ಬಾಟಲಿ ಉಳಿದವಕ್ಕಿಂತ ಬೇಗ ತುಂಬಿದರೆ ಆ ಒಂದೇ ಇಂಜೆಕ್ಟರ್ ಬದಲಿಸಿದರೆ ಸಾಕು, ನಾಲ್ಕೂ ಅಲ್ಲ. ಗ್ಯಾಸ್ ಕಿಟ್ ಇರುವ ಗಾಡಿಯಾದರೆ ಮೊದಲು ಪೆಟ್ರೋಲಿಗೆ ಹಾಕಿ ನೋಡಿ. ಪೆಟ್ರೋಲಿನಲ್ಲಿ ಸರಿಯಿದ್ದು ಗ್ಯಾಸಿನಲ್ಲಿ ನಡುಗಿದರೆ ಕಿಟ್‌ನ ಟ್ಯೂನಿಂಗ್ ನೋಡಬೇಕು. ಎರಡರಲ್ಲೂ ನಡುಗಿದರೆ ವಾಲ್ವ್ ಸೀಟ್ ಸವೆದಿರಬಹುದು, ಒಣ ಇಂಧನದಲ್ಲಿ ಬಹುಕಾಲ ಓಡಿದ ಎಂಜಿನ್‌ಗೆ ಅದು ಸಹಜ.

ಇನ್ನೊಂದು ವಿಷಯ, ರೀಕಾಲ್. 2024ರ ಅಕ್ಟೋಬರ್‌ನಲ್ಲಿ ಹೋಂಡಾ ಕಂಪನಿ ತನ್ನ 90,468 ಹಳೇ ಕಾರುಗಳ ಫ್ಯೂಯಲ್ ಪಂಪನ್ನು ಉಚಿತವಾಗಿ ಬದಲಿಸುವುದಾಗಿ ಪ್ರಕಟಿಸಿತು; ಪಂಪಿನ ದೋಷದಿಂದ ಎಂಜಿನ್ ನಿಂತುಹೋಗುವ ಸಾಧ್ಯತೆಯಿತ್ತು. ಇಂಥ ದುರಸ್ತಿ ಗಾಡಿಗೆ ಸೇರಿದ್ದು, ಮೊದಲ ಮಾಲೀಕನಿಗಷ್ಟೇ ಅಲ್ಲ. ಚಾಸಿ ನಂಬರ್ ಕೊಟ್ಟು ಕಂಪನಿಯ ಶೋರೂಮಿನಲ್ಲಿ ವಿಚಾರಿಸಿ.

ಮೆಕ್ಯಾನಿಕ್ ಅಣ್ಣಂದಿರಿಗೂ ಇಲ್ಲಿ ಒಂದು ಮನವಿಯಿದೆ. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ಮಾಡುತ್ತಿತ್ತು. ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆದು, ಬರೆದು, ಆಮೇಲೆ ಮುಂದಿನ ಕೈಗೆ ದಾಟಿಸುವ ಕೆಲಸ ಅದು. ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಆದರೂ ಅಳೆಯುವ ಆ ಶಿಸ್ತು ಈ ಊರುಗಳಿಗೆ ಹೊಸದಲ್ಲ, ನಮ್ಮ ಗ್ಯಾರೇಜುಗಳಲ್ಲೂ ಅದು ಇರಬೇಕು. ಬಿಲ್ಲಿನಲ್ಲಿ ‘ಟ್ಯೂನಿಂಗ್’ ಎಂದು ಒಂದೇ ಪದ ಬರೆಯುವ ಬದಲು, ಬಂದಾಗ ಐಡ್ಲಿಂಗ್ ಎಷ್ಟಿತ್ತು, ಪ್ರತಿ ಸಿಲಿಂಡರಿನ ಕಂಪ್ರೆಷನ್ ಎಷ್ಟು, ಯಾವ ಕೋಡ್ ಬಂತು, ಕೆಲಸದ ನಂತರ ಎಷ್ಟಾಯಿತು ಎಂದು ನಾಲ್ಕು ಸಾಲು ಬರೆದುಕೊಡಿ. ತೆಗೆದ ಹಳೇ ಭಾಗವನ್ನು ಗಿರಾಕಿಯ ಕೈಗೆ ಕೊಡಿ. ಹೀಗೆ ಮಾಡುವ ಮೆಕ್ಯಾನಿಕ್ ಅಳೆಯುವುದಕ್ಕೆ ತೆಗೆದುಕೊಂಡ ಹೊತ್ತಿಗೂ ಕೂಲಿ ಕೇಳಲಿ. ಅದನ್ನು ಚೌಕಾಸಿಯಿಲ್ಲದೆ ಕೊಡುವುದು ಗಾಡಿ ಮಾಲೀಕರ ಕರ್ತವ್ಯ. ಇಂದು ಭಾಗ ಮಾರಿದರೆ ಮಾತ್ರ ಮೆಕ್ಯಾನಿಕ್‌ಗೆ ದುಡ್ಡು ಸಿಗುವ ಸ್ಥಿತಿ ಇದೆ. ಹಾಗಿರುವವರೆಗೆ ಭಾಗ ಬದಲಿಸುವುದೇ ರೋಗನಿರ್ಣಯವಾಗಿ ಉಳಿಯುತ್ತದೆ.

ಆ ನಾಲ್ಕು ಸಾಲಿಗೆ ಇನ್ನೊಂದು ಉಪಯೋಗವೂ ಇದೆ. ಹಳೇ ಕಾರುಗಳ ವ್ಯಾಪಾರವನ್ನೇ ಉದ್ಯೋಗವಾಗಿಸಿಕೊಂಡವರಿಂದ ಗಾಡಿ ಕೊಂಡಿದ್ದು, ಅವರು ದೋಷ ಮುಚ್ಚಿಟ್ಟಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಗತ್ಯವೆನಿಸಿದರೆ ಆಯೋಗ ವಸ್ತುವನ್ನು ತಜ್ಞ ಪರೀಕ್ಷೆಗೂ ಕಳಿಸಬಲ್ಲದು. ನೆರೆಯವರಿಂದಲೋ ನೆಂಟರಿಂದಲೋ ಕೊಂಡದ್ದಕ್ಕೆ ಈ ದಾರಿ ಇಲ್ಲ. ಹಾಗಾಗಿ ಮುಂಗಡ ಕೊಡುವ ಮೊದಲೇ ಕಂಪ್ರೆಷನ್ ಅಳತೆ ಮತ್ತು ಎಮಿಷನ್ ಚೀಟಿ ಎರಡನ್ನೂ ಕೈಯಲ್ಲಿ ಹಿಡಿದು ಕೂತು ದರ ಮಾತಾಡಿ. ಒಂದು ಸಿಲಿಂಡರ್ 8 ಬಾರ್ ತೋರಿಸುತ್ತಿದ್ದರೆ ಗಾಡಿ ಬಿಡಬೇಕೆಂದೇನಿಲ್ಲ. ವಾಲ್ವ್ ಕೆಲಸಕ್ಕೆ ಎಷ್ಟಾಗುತ್ತದೆಂದು ದಾವಣಗೆರೆಯಲ್ಲೋ ಹರಿಹರದಲ್ಲೋ ಎರಡು ಕಡೆ ಕೇಳಿ, ಅಷ್ಟನ್ನು ದರದಲ್ಲಿ ಇಳಿಸಿ ಎಂದು ಅಂಕಿ ತೋರಿಸಿಯೇ ಕೇಳಿ.